ಹಳೆಯ ಜಪಾನೀ ಗಿಟಾರು: ಅದರ ಕಾಲವೂ ಬೆಲೆಯೂ

ಶಾಸನದ ಶಕವರ್ಷವನ್ನು ಕ್ರಿಸ್ತವರ್ಷವೆಂದು ಓದಿದರೆ ಇತಿಹಾಸವು 78 ವರ್ಷ ಹಿಂದೆ ಸರಿಯುವುದೆಂದು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ಶಿಲೆಯ ವಿಷಯದಲ್ಲಿ ಆಗುವ ಈ ಪ್ರಮಾದವು ಮರದ ವಾದ್ಯದಲ್ಲಿಯೂ ಆಗುವುದುಂಟು. ಹಳೆಯ ಜಪಾನೀ ಗಿಟಾರುಗಳು ಇದಕ್ಕೆ ಒಳ್ಳೆಯ ನಿದರ್ಶನ.

ಜಪಾನಿನ ಆಧುನಿಕ ವಾದ್ಯೋದ್ಯಮದ ಒಂದು ಮೂಲವು ಶಾಲೆಯಲ್ಲಿದೆಯೆಂಬುದು ಉಪಾಧ್ಯಾಯರಾದ ನಮಗೆ ಸಂತೋಷದ ಸಂಗತಿ. 1887ರಲ್ಲಿ ತೊರಾಕುಸು ಯಮಾಹಾ ಎಂಬವರು ಹಮಾಮತ್ಸು ಪಟ್ಟಣದ ಪ್ರಾಥಮಿಕ ಶಾಲೆಯೊಂದರ ಕೆಟ್ಟುಹೋದ ಆರ್ಗನನ್ನು ದುರಸ್ತಿ ಮಾಡಿ, ಆ ಅನುಭವದಿಂದ ತಾವೇ ವಾದ್ಯಗಳನ್ನು ಮಾಡತೊಡಗಿದರು. 1929ರಲ್ಲಿ ಸ್ಪೇನಿನ ಮಹಾವಾದಕ ಸೆಗೋವಿಯಾ ಜಪಾನಿನಲ್ಲಿ ಕಛೇರಿಗಳನ್ನು ನಡೆಸಿದಾಗ ಶಾಸ್ತ್ರೀಯ ಗಿಟಾರಿನ ಮೇಲಣ ಅಭಿರುಚಿಯು ಅಲ್ಲಿ ಬೆಳೆಯಿತು. ಮಸಾರು ಕೋನೊ ಎಂಬ ಕುಶಲಕರ್ಮಿಯು 1960ರಲ್ಲಿ ಸ್ಪೇನಿಗೆ ಹೋಗಿ ಅಲ್ಲಿಯ ನಿರ್ಮಾಣಪದ್ಧತಿಯನ್ನು ಕಣ್ಣಾರೆ ಕಂಡು ಬಂದರು; 1967ರಲ್ಲಿ ಬೆಲ್ಜಿಯಮಿನ ಎಲಿಸಬೆತ್ ಸ್ಪರ್ಧೆಯಲ್ಲಿ ಅವರ ವಾದ್ಯಕ್ಕೆ ಚಿನ್ನದ ಪದಕವು ದೊರೆಯಿತು. ಜಪಾನಿನ ಗಿಟಾರೆಂದರೆ ಅಗ್ಗದ ಅನುಕರಣವೆಂಬ ಮಾತು ಆಮೇಲೆ ನಿಲ್ಲಲಾರದಾಯಿತು.

ಇನ್ನು ಕಾಲನಿರ್ಣಯ. ಕಜುವೊ ಯಾಯಿರಿಯವರ ಕಾರ್ಯಾಗಾರದ ಅನೇಕ ಹಳೆಯ ಗಿಟಾರುಗಳ ಒಳಗೆ, ಕತ್ತು ಸೇರುವ ಕಡೆಯ ಮರದ ತುಂಡಿನ ಮೇಲೆ ಅಂಕೆಗಳ ಮುದ್ರೆಯಿರುತ್ತದೆ. ಅದರ ಮೊದಲ ಎರಡು ಅಂಕೆಗಳು 52 ಎಂದಿದ್ದರೆ ಅದು 1952 ಅಲ್ಲ. ಶೋವಾ ಚಕ್ರವರ್ತಿಯ ಆಳ್ವಿಕೆಯ 52ನೆಯ ವರ್ಷ. ಅದಕ್ಕೆ 1925ನ್ನು ಕೂಡಿಸಿದರೆ 1977 ಬರುತ್ತದೆ. ಈ ಲೆಕ್ಕವನ್ನರಿಯದವನು 25 ವರ್ಷಗಳ ಇಲ್ಲದ ಪ್ರಾಚೀನತೆಗೆ ಹಣ ತೆರುವನು.

ಮಾದರಿಯ ಸಂಖ್ಯೆಯೂ ಮಾತನಾಡುತ್ತದೆ. ಕೋನೊ ಅವರ ‘10’ ಎಂಬ ಮಾದರಿಯು ಮೂಲದಲ್ಲಿ ಒಂದು ಲಕ್ಷ ಯೆನ್ ಬೆಲೆಯದು. ಅಂದರೆ ಸಂಖ್ಯೆಯನ್ನು ಹತ್ತು ಸಾವಿರದಿಂದ ಗುಣಿಸಬೇಕು. 1971ರವರೆಗೆ ಡಾಲರೊಂದಕ್ಕೆ 360 ಯೆನ್ ಇದ್ದುದರಿಂದ ಅದು ಸುಮಾರು 278 ಡಾಲರು. ಆದರೆ ಹಣದ ಮೌಲ್ಯವು ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ, ವರ್ಷವನ್ನರಿಯದೆ ಸಂಖ್ಯೆಯನ್ನು ಮಾತ್ರ ನೋಡಿ ದರ್ಜೆಯನ್ನು ನಿಶ್ಚಯಿಸುವುದು ಸಲ್ಲದು.

ಮೂರನೆಯ ಸಾಕ್ಷಿ ಮರ. ನಾದರಂಧ್ರದ ಅಂಚಿನಲ್ಲಿ ಮೇಲುಹಲಗೆಯ ಎಳೆಗಳು ಕೆಳಗಿನವರೆಗೂ ನೇರವಾಗಿ ಇಳಿದಿದ್ದರೆ ಅದು ಇಡಿಯ ಹಲಗೆ. ಪದರಗಳು ಕಂಡರೆ ಅಂಟಿಸಿದ ತೆಳುಹಲಗೆ. ಹಿಂಬದಿಯ ಹೊರಗಿನ ಎಳೆಯೂ ಒಳಗಿನ ಎಳೆಯೂ ತಾಳೆಯಾಗುತ್ತವೆಯೆ ಎಂದು ಅಂತೆಯೇ ನೋಡಬೇಕು. ಉತ್ತಮ ವಾದ್ಯಗಳ ಹಿಂಬದಿಗೆ ಬ್ರೆಜಿಲಿನ ರೋಸ್‌ವುಡ್ಡನ್ನಾಗಲಿ ಭಾರತದ ಬೀಟೆಯನ್ನಾಗಲಿ ಬಳಸುತ್ತಿದ್ದರು. ವಯನಾಡು ನೀಲಗಿರಿಗಳ ನಮ್ಮ ಓದುಗರು ತಮ್ಮ ಕಾಡಿನಲ್ಲಿ ಕಂಡಿರುವ ಬೀಟೆಯ ಜಾತಿಯೇ ಇದು. ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರವು 1992ರಿಂದ ಕಟ್ಟುನಿಟ್ಟಾಗಿ ನಿರ್ಬಂಧಿತವಾಗಿರುವುದರಿಂದ ಅಂಥ ವಾದ್ಯವನ್ನು ಗಡಿ ದಾಟಿಸಲು ಅನುಮತಿಪತ್ರವು ಬೇಕಾಗುತ್ತದೆ.

ಕತ್ತು ಬಾಗಿದ್ದರೆ, ತಂತಿಗಳನ್ನು ಕಟ್ಟಿದ ಪಟ್ಟಿಯು ಎದ್ದಿದ್ದರೆ, ಹಲಗೆಯು ಬಿರಿದಿದ್ದರೆ ಹೆಸರು ದೊಡ್ಡದಾದರೂ ಬೆಲೆಯು ಕುಗ್ಗುವುದು. ಒಳಗಿನ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು. ಮರ, ಮುದ್ರೆ, ಕೆಲಸಗಾರಿಕೆಗಳನ್ನು ಒಂದಕ್ಕೊಂದು ಹೊಂದುವಂತೆ ಸುಳ್ಳಾಗಿಸುವುದು ಕಷ್ಟ. ತಪ್ಪು ಓದಿನಿಂದ ಕೊಳ್ಳುವವನಿಗೆ ಹಣನಷ್ಟ, ಮಾಡಿದವನಿಗೋ ಕೀರ್ತಿನಷ್ಟ. ಸಾಕ್ಷಿಗಳನ್ನು ತಾಳೆ ನೋಡಿ ತೀರ್ಪು ಹೇಳುವ ಅಭ್ಯಾಸವನ್ನು ನಮ್ಮ ಮಕ್ಕಳು ಶಾಸನದಿಂದ ಕಲಿತರೂ ಸರಿ, ಗಿಟಾರಿನಿಂದ ಕಲಿತರೂ ಸರಿ, ಕಲಿತರೆ ಸಾಕು.