ಹೆಸರು, ದಿನ ಮತ್ತು ಕಾಗದ: ಸರಕಾರದ ನೆನಪಿನಲ್ಲಿ ನಮ್ಮ ಮಲೆನಾಡು

ನರಸಿಂಹರಾಜಪುರಕ್ಕೆ ಹಿಂದೆ ಎಡೇಹಳ್ಳಿ ಎಂಬ ಹೆಸರಿತ್ತು. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥ ಈ ಊರಿಗೆ ಹೊಸ ಹೆಸರು ಬಂದಿತು. ಒಂದು ಪ್ರಭುತ್ವ ತನ್ನವರನ್ನು ಸ್ಮರಿಸುವ ಅತ್ಯಂತ ಅಗ್ಗದ ಹಾಗೂ ದೀರ್ಘಾಯುಷ್ಯದ ವಿಧಾನವೆಂದರೆ ಇದೇ. ಇದಕ್ಕೆ ಕಲ್ಲು ಬೇಡ, ಮೆರವಣಿಗೆಯೂ ಬೇಡ. ಆದರೆ ಇಂದು ಬಸ್ಸಿನ ಫಲಕದಲ್ಲಿ ಉಳಿದಿರುವುದು 'ಎನ್.ಆರ್.ಪುರ'. ಯುವರಾಜರು ಎರಡು ಇಂಗ್ಲಿಷ್ ಅಕ್ಷರಗಳೊಳಗೆ ಅಡಗಿ ಕುಳಿತಿದ್ದಾರೆ. ಎಡೇಹಳ್ಳಿಯಂತೂ ಹಿರಿಯರ ಮಾತಿನಲ್ಲಿ ಮಾತ್ರ.

ನೆರೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಕುವೆಂಪು ಜನಿಸಿದರು. ಅದು ಅವರ ತಾಯಿಯ ತವರು. ವಸ್ತುಸಂಗ್ರಹಾಲಯ, ಕವಿಶೈಲ, ಪ್ರವಾಸಿಗರ ಸಾಲು ಇವೆಲ್ಲ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಸಂದವು. 2015ರಲ್ಲಿ ರಾಜ್ಯ ಸರಕಾರ ಅವರ ಜನ್ಮದಿನವನ್ನು ವಿಶ್ವಮಾನವ ದಿನವೆಂದು ಘೋಷಿಸಿತು. ಅದೇ ವರ್ಷದ ನವೆಂಬರ್ 10ರಂದು ಅದೇ ಸರಕಾರ ಟಿಪ್ಪು ಸುಲ್ತಾನರ ಜಯಂತಿಯನ್ನೂ ಮೊದಲ ಬಾರಿಗೆ ಅಧಿಕೃತವಾಗಿ ಆಚರಿಸಿತು. ಮೊದಲನೆಯದು ಇಂದಿಗೂ ಸರಕಾರಿ ಪಟ್ಟಿಯಲ್ಲಿದೆ. ಎರಡನೆಯದು ಮಡಿಕೇರಿಯಲ್ಲಿ ಗಲಭೆ ಮತ್ತು ಸಾವುಗಳನ್ನು ಕಂಡು, ಪ್ರತಿ ವರ್ಷ ಪೊಲೀಸ್ ಬಂದೋಬಸ್ತಿನ ನಡುವೆ ನಡೆದು, 2019ರ ಜುಲೈಯಲ್ಲಿ ಬಂದ ಹೊಸ ಸರಕಾರದ ಆದೇಶದಿಂದ ನಿಂತುಹೋಯಿತು. 2022ರಲ್ಲಿ ಬೆಂಗಳೂರು–ಮೈಸೂರು ನಡುವಿನ ಟಿಪ್ಪು ಎಕ್ಸ್‌ಪ್ರೆಸ್ ರೈಲು ಒಡೆಯರ್ ಎಕ್ಸ್‌ಪ್ರೆಸ್ ಆಯಿತು.

ಇನ್ನು ಶೃಂಗೇರಿ. ನಾವು ಹೇಳಬೇಕೆಂದಿರುವ ಮುಖ್ಯ ವಿಷಯ ಇಲ್ಲಿದೆ.

1791ರಲ್ಲಿ ಮೂರನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಇಂಗ್ಲಿಷರು, ನಿಜಾಮ ಮತ್ತು ಮರಾಠರು ಒಟ್ಟಾಗಿ ಟಿಪ್ಪುವಿನ ಮೇಲೆ ಬಿದ್ದಿದ್ದರು. ಆ ಸಂದರ್ಭದಲ್ಲಿ ಮರಾಠಾ ಸೈನ್ಯದ ಒಂದು ದಂಡು ಶೃಂಗೇರಿಗೆ ನುಗ್ಗಿ ಮಠವನ್ನು ಕೊಳ್ಳೆ ಹೊಡೆಯಿತು. ಜನರನ್ನು ಕೊಂದಿತು, ಶಾರದೆಯ ವಿಗ್ರಹವನ್ನು ಸ್ಥಾನಪಲ್ಲಟಗೊಳಿಸಿತು. ಮಠಾಧೀಶರಾಗಿದ್ದ ಸಚ್ಚಿದಾನಂದ ಭಾರತೀ ಸ್ವಾಮಿಗಳು ಕಾರ್ಕಳಕ್ಕೆ ತೆರಳಬೇಕಾಯಿತು. ಅವರು ಸುಲ್ತಾನರಿಗೆ ಬರೆದರು. ಸುಲ್ತಾನರು ಉತ್ತರಿಸಿದರು, ಕನ್ನಡದಲ್ಲಿ. ವಿಗ್ರಹದ ಪುನಃಪ್ರತಿಷ್ಠೆಗಾಗಿ 200 ರಹತಿ ನಗದು ಹಾಗೂ 200 ರಹತಿ ಬೆಲೆಯ ಧಾನ್ಯವನ್ನು ಒದಗಿಸುವಂತೆ ನಗರದ (ಬಿದನೂರಿನ) ಅಸಫನಿಗೆ ಆಜ್ಞಾಪಿಸಿದರು. ಸ್ವಾಮಿಗಳನ್ನು ಜಗದ್ಗುರು ಎಂದೇ ಸಂಬೋಧಿಸಿ, ರಾಜ್ಯದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಪತ್ರವ್ಯವಹಾರ ಅಲ್ಲಿಗೇ ಮುಗಿಯದೆ ಮುಂದಿನ ವರ್ಷಗಳಲ್ಲಿಯೂ ಸಾಗಿತು.

ಈ ಪತ್ರಗಳು ಬೆಳಕಿಗೆ ಬಂದದ್ದು 1916ರಲ್ಲಿ, ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರ ಮೂಲಕ. ಅಲ್ಲಿಯವರೆಗೆ ಅವುಗಳನ್ನು ಕಾಪಾಡಿದವರು ಯಾರು? ಮಠದವರೇ. ಸುಲ್ತಾನರ ಕುರಿತ ಅತ್ಯಮೂಲ್ಯವಾದ ಈ ದಾಖಲೆಯನ್ನು ನೂರಕ್ಕೂ ಹೆಚ್ಚು ವರ್ಷ ಜೋಪಾನ ಮಾಡಿದ್ದು ಒಂದು ಹಿಂದೂ ಮಠ. ಅದನ್ನು ಓದಿ ಪ್ರಕಟಿಸಿದ್ದು ಒಡೆಯರ ಆಳ್ವಿಕೆಯ ಇಲಾಖೆ. ನಮ್ಮ ಸಭೆಗಳಲ್ಲಿ ಈ ಮಾತು ಅಪರೂಪಕ್ಕೂ ಕೇಳಿಬರುವುದಿಲ್ಲ. ನಮಗೆ ಇದು ಪತ್ರಗಳಷ್ಟೇ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಯುದ್ಧಕಾಲದ ಅಗತ್ಯದಿಂದ, ಪ್ರಜೆಗಳ ಬೆಂಬಲ ಉಳಿಸಿಕೊಳ್ಳಲು ಸುಲ್ತಾನರು ಹೀಗೆ ಬರೆದರೆಂದು ಕೆಲವರು ವಾದಿಸುತ್ತಾರೆ. ಅರಸನೊಬ್ಬನ ಔದಾರ್ಯದಲ್ಲಿ ರಾಜಕಾರಣ ಬೆರೆತಿರುವುದಿಲ್ಲವೆಂದು ನಾವೂ ಹೇಳಲಾರೆವು. ಹಾಗೆಯೇ, ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಬಂಧಿಸಿ ಒಯ್ದದ್ದು ಕೂಡ ಇದೇ ಆಳ್ವಿಕೆಯಲ್ಲಿ. ಆ ಕುಟುಂಬಗಳ ಸ್ಮೃತಿಯಲ್ಲಿ ನವೆಂಬರ್ 10 ಬೇರೆಯೇ ಅರ್ಥ ಪಡೆದಿದ್ದರೆ ಅದನ್ನು ದ್ವೇಷವೆಂದು ತಳ್ಳಿಹಾಕುವುದು ನಮಗೆ ತರವಲ್ಲ. ಸ್ವತಃ ನಮಗೆ ಪ್ರತಿಕೂಲವಾದರೂ ಸತ್ಯಸಾಕ್ಷ್ಯ ನುಡಿಯಬೇಕೆಂಬುದು ನಮ್ಮ ಧರ್ಮದ ಆದೇಶ. ಸುಲ್ತಾನರ ವಿಷಯದಲ್ಲಿ ಅದಕ್ಕೆ ರಿಯಾಯಿತಿ ಇಲ್ಲ. ಶೃಂಗೇರಿಯ ಪತ್ರ ಕೊಡಗನ್ನು ಅಳಿಸುವುದಿಲ್ಲ, ಕೊಡಗು ಶೃಂಗೇರಿಯನ್ನು ಅಳಿಸುವುದಿಲ್ಲ.

ಜಯಂತಿಯ ವೇದಿಕೆಯಲ್ಲಿ ಇಷ್ಟನ್ನು ಹೇಳಲು ಜಾಗವಿರಲಿಲ್ಲ. ಅಲ್ಲಿ ಹಾರ, ಭಾವಚಿತ್ರ, ಮಂತ್ರಿಗಳ ಭಾಷಣ. ಹೊರಗೆ ಕಪ್ಪು ಬಾವುಟ. ಒಂದು ಪಕ್ಷಕ್ಕೆ ನಮ್ಮ ಮತ ಬೇಕಿತ್ತು, ಇನ್ನೊಂದಕ್ಕೆ ನಮ್ಮ ಮೇಲಿನ ಕೋಪ ಬೇಕಿತ್ತು. ಸರಕಾರ ಕೊಟ್ಟ ದಿನವನ್ನು ಸರಕಾರವೇ ಕಿತ್ತುಕೊಂಡಾಗ ನಮ್ಮ ಯುವಕರು ಪಟ್ಟ ಅವಮಾನ ಸುಳ್ಳಲ್ಲ. ಆದರೆ ಪ್ರಭುತ್ವದ ನೆನಪು ಎಷ್ಟು ವಿಚಿತ್ರವೆಂಬುದನ್ನು ತಿಳಿಯಲು ಅವರು ಶ್ರೀರಂಗಪಟ್ಟಣಕ್ಕೆ ಹೋಗಬೇಕು. 1799ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಸೇನಾಧಿಕಾರಿಗಳಿಗಾಗಿ 1907ರಲ್ಲಿ ಅಲ್ಲಿ ಸ್ಮಾರಕಸ್ತಂಭ ನಿಲ್ಲಿಸಿದ್ದು ಮೈಸೂರು ಸರಕಾರವೇ. ಅದೇ ಊರಿನಲ್ಲಿ ಸುಲ್ತಾನರು ದೇಹ ಬಿದ್ದ ಸ್ಥಳಕ್ಕೊಂದು ಕಲ್ಲು, ತಂದೆತಾಯಿಯ ಪಕ್ಕದಲ್ಲಿ ಅವರು ಮಲಗಿರುವ ಗುಂಬಜ್. ಸ್ವತಂತ್ರ ಭಾರತವೋ, ತನ್ನ ಸಂವಿಧಾನದ ಮೂಲಪ್ರತಿಯ ಒಂದು ಪುಟದಲ್ಲಿ ಝಾನ್ಸಿಯ ರಾಣಿಯ ಜೊತೆ ಟಿಪ್ಪುವಿನ ಚಿತ್ರ ಬರೆಸಿಕೊಂಡಿತು.

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ನಮ್ಮ ಮನೆಗಳ ಮಕ್ಕಳು ಜಯಂತಿಯ ಗಲಾಟೆಯನ್ನು ಬಲ್ಲರು. ಆ ಪತ್ರಗಳಲ್ಲಿ ಏನಿದೆಯೆಂದು ಬಲ್ಲವರು ವಿರಳ. ಅವುಗಳ ಭಾಷೆ ಕನ್ನಡ, ಊರು ಬಸ್ಸಿನ ದಾರಿ. ಮದರಸದ ರಜಾದಿನದ ಒಂದು ಬೆಳಗ್ಗೆ, ಹಿರಿಯರೊಬ್ಬರು ಕೂತು ಅವುಗಳ ಸಾರಾಂಶವನ್ನೂ ಕೊಡಗಿನ ಕಥೆಯನ್ನೂ ಒಟ್ಟಿಗೇ ಹೇಳಿಕೊಡಬಹುದು. ಅದಕ್ಕೆ ಯಾವ ಸರಕಾರದ ಆದೇಶವೂ ಬೇಕಿಲ್ಲ. ಯಾವ ಸರಕಾರವೂ ಅದನ್ನು ರದ್ದುಪಡಿಸಲಾರದು.