ಗುಂಡು ನೆಟ್ಟಗೆ ಕೂರದಿದ್ದರೆ...

ನಮ್ಮ ಮಲೆನಾಡಿನಲ್ಲಿ ಈಡು ತಪ್ಪಿದರೆ ಹೇಳುವ ಕಾರಣಗಳು ಒಂದೆರಡಲ್ಲ. ಆಗದವರು ಯಾರೋ ಕೋವಿಗೆ ಕಟ್ಟು ಹಾಕಿಸಿದ್ದಾರೆ, ಹೊರಡುವಾಗ ಶಕುನ ಸರಿಯಿರಲಿಲ್ಲ, ಕಡೆಗೆ 'ಆ ಮೃಗದ ಆಯಸ್ಸು ಗಟ್ಟಿ ಇತ್ತು ಬಿಡಿ'. ನಾನು ಕೋವಿ ಹಿಡಿದವನಲ್ಲ. ಆದರೆ ಶಂಕರಘಟ್ಟದಂಥ ಕಾಡಂಚಿನ ಊರಿನಲ್ಲಿದ್ದು ಇಂಥ ಮಾತು ಬೇಕಾದಷ್ಟು ಕೇಳಿದ್ದೇನೆ. ಗುಂಡು ನಳಿಗೆಯೊಳಗೆ ಹೇಗೆ ಕೂತಿತ್ತು ಅಂತ ಮಾತ್ರ ಯಾರೂ ಕೇಳಿದ್ದು ನೆನಪಿಲ್ಲ. ಆ ಪ್ರಶ್ನೆಗೆ ಸುಮಾರು ಮುನ್ನೂರು ವರ್ಷಗಳ ಇತಿಹಾಸ ಇದೆ.

ಮೊದಲು ನಮ್ಮ ಕೇಪಿನ ಕೋವಿಯನ್ನೇ ನೋಡಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದಕ್ಕೆ ನಳಿಗೆಯ ಬಾಯಿಯಿಂದಲೇ ತುಂಬಬೇಕು. ಮೊದಲು ಕರಿಮದ್ದು, ಅದರ ಮೇಲೆ ನಾರು ಅಥವಾ ಬಟ್ಟೆಯ ಚೂರು, ಆಮೇಲೆ ಗುಂಡು ಇಲ್ಲವೆ ಚರೆ. ಉದ್ದನೆಯ ಸಲಾಕೆಯಿಂದ ಎಲ್ಲವನ್ನೂ ಜಡಿಯಬೇಕು. ಅಂದರೆ ಪ್ರತಿ ಈಡೂ ಕೈತಯಾರಿಕೆಯೇ. ಗುಂಡು ಮಧ್ಯದಲ್ಲೇ ನಿಂತು, ಮದ್ದಿಗೂ ಅದಕ್ಕೂ ನಡುವೆ ಜಾಗ ಉಳಿದರೆ ನಳಿಗೆ ಸೀಳಿ ಕೈ ಹೋಗುವ ಅಪಾಯ. ಸರಿಯಾಗಿ ಕೂತರೂ ಇನ್ನೊಂದು ತೊಂದರೆ. ಸಿಕ್ಕಿಕೊಳ್ಳಬಾರದೆಂದು ಗುಂಡನ್ನು ನಳಿಗೆಗಿಂತ ಕೊಂಚ ಸಣ್ಣದಾಗಿ ಎರಕ ಹೊಯ್ಯುತ್ತಿದ್ದರು. ಆ ಸಂದಿಯಿಂದಾಗಿ ಗುಂಡು ಗೋಡೆಗೆ ಅತ್ತಿತ್ತ ಬಡಿಯುತ್ತ ಹೊರಬರುತ್ತದೆ. ಕೊನೆಗೆ ಎಲ್ಲಿ ತಾಗಿತೋ ಅದರ ಮೇಲೆ ಅದು ಹೋಗುವ ದಿಕ್ಕು.

ಇದನ್ನು ಶಾಸ್ತ್ರೀಯವಾಗಿ ವಿವರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಅವನ ಪುಸ್ತಕ ಬಂತು. ಗುಂಡು ನಳಿಗೆಗೆ ಉಜ್ಜಿ ಗಿರಕಿ ಹೊಡೆಯುತ್ತದೆ, ಆ ಗಿರಕಿಯಿಂದಲೇ ಗಾಳಿಯಲ್ಲಿ ಪಕ್ಕಕ್ಕೆ ವಾಲುತ್ತದೆ ಅಂತ ಅವನ ವಾದ. ತೋರಿಸಿಕೊಡಲು ಕೋವಿಯ ತುದಿಯನ್ನು ಎಡಕ್ಕೆ ಬಗ್ಗಿಸಿ ಹೊಡೆದ. ಗುಂಡು ಮೊದಲು ಎಡಕ್ಕೆ ಹೋಗಿ ಆಮೇಲೆ ಬಲಕ್ಕೆ ತಿರುಗಿತು! ಇದೇ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆ ಕೆಲಸಕ್ಕೆಂದು ನಮ್ಮ ಕಡೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ನಳಿಗೆಯೊಳಗೆ ಸುರುಳಿ ಗೀರು ಕೊರೆದರೆ ಗುಂಡು ಒಂದೇ ಕ್ರಮದಲ್ಲಿ ತಿರುಗಿ ನೇರ ಹೋಗುತ್ತದೆ. ಅದೇ ರೈಫಲ್. ಆದರೆ ಬಿಗಿಯಾದ ಗುಂಡನ್ನು ಬಾಯಿಯಿಂದ ತುರುಕುವುದು ಕಷ್ಟ. 1849ರಲ್ಲಿ ಫ್ರಾನ್ಸಿನ ಮಿನಿಯೆ ಉಪಾಯ ಕಂಡುಕೊಂಡ. ಗುಂಡು ಸಡಿಲವಾಗಿ ಇಳಿಯುತ್ತದೆ, ಮದ್ದು ಉರಿದಾಗ ಅದರ ಬುಡ ಹಿಗ್ಗಿ ಗೀರಿಗೆ ಕಚ್ಚಿಕೊಳ್ಳುತ್ತದೆ. 1853ರ ಎನ್‌ಫೀಲ್ಡ್ ರೈಫಲ್ಲಿಗೆ ಇಂಥದೇ ಗುಂಡು. ಅದು ಸಲೀಸಾಗಿ ಇಳಿಯಲೆಂದು ಕಾಗದದ ತೋಟಾಕ್ಕೆ ಕೊಬ್ಬು ಸವರುತ್ತಿದ್ದರು. ಆ ಕೊಬ್ಬಿನ ಸುದ್ದಿಯೇ 1857ರ ದಂಗೆಗೆ ಕಿಡಿಯಾಗಿದ್ದು ನಿಮಗೆ ಗೊತ್ತೇ ಇದೆ.

ಆಮೇಲೆ ಹಿತ್ತಾಳೆಯ ತೋಟಾ ಬಂತು. ಉಂಡೆ ಗುಂಡು ಹೇಗೆ ಕೂತರೂ ಉಂಡೆಯೇ. ಆದರೆ ಉದ್ದನೆಯ ಗುಂಡು ತೋಟಾದ ಕುತ್ತಿಗೆಯಲ್ಲಿ ಸೊಟ್ಟಗೆ ಕೂರಬಹುದು. ಹಾಗೆ ಕೂತದ್ದು ಸೊಟ್ಟಗೇ ಗೀರು ಹಿಡಿದರೆ ಅದರ ತೂಕದ ಕೇಂದ್ರ ನಡುವಿನಿಂದ ಸರಿಯುತ್ತದೆ. ಹತ್ತಂಗುಲಕ್ಕೊಂದು ಸುತ್ತಿನ ನಳಿಗೆಯಿಂದ ಸೆಕೆಂಡಿಗೆ 2800 ಅಡಿ ವೇಗದಲ್ಲಿ ಹೊರಟ ಗುಂಡು ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗುತ್ತದೆ. ಮೊಳೆ ಓರೆಯಾದ ಬುಗುರಿ ಆಡಿಸಿದವರಿಗೆ ಮುಂದಿನದು ಹೇಳಬೇಕಿಲ್ಲ. ಅಮೆರಿಕದ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಬೇಕೆಂತಲೇ ಊನ ಮಾಡಿದ ಗುಂಡುಗಳನ್ನು ಹಾರಿಸಿ, ಅವು ಎತ್ತ ಸರಿಯುತ್ತವೆಂದು ವರ್ಷಗಟ್ಟಲೆ ಲೆಕ್ಕ ಇಟ್ಟು 1909ರಲ್ಲಿ ಪುಸ್ತಕ ಬರೆದ. ಕೈಯಲ್ಲೇ ತೋಟಾ ತುಂಬಿಕೊಳ್ಳುವ ಸ್ಪರ್ಧಿಗಳು ಇಂದಿಗೂ ಈ ಸೊಟ್ಟನ್ನು ಅಂಗುಲದ ಸಾವಿರದ ಒಂದು ಭಾಗದಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ.

ಸ್ಪರ್ಧೆಯಲ್ಲಿ ಗುರಿ ತಪ್ಪಿದರೆ ಹೋಗುವುದು ಅಂಕ. ಕಾಡಿನಲ್ಲಿ ಹಾಗಲ್ಲ. ಗೇಣು ಪಕ್ಕಕ್ಕೆ ಬಿದ್ದ ಗುಂಡಿಗೆ ಪ್ರಾಣಿ ಸಾಯುವುದಿಲ್ಲ, ಗಾಯಗೊಂಡು ಓಡುತ್ತದೆ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತು. ನೋಡಿದರೆ ಹಳೆಯ ಗುಂಡೇಟಿಗೆ ಅದರ ಬಲಗಡೆಯ ಎರಡು ಕೋರೆಹಲ್ಲುಗಳು ಮುರಿದಿದ್ದವು. ಅದು ಸಹಜವಾಗಿ ಬೇಟೆಯಾಡಲಾರದೆ ನರಭಕ್ಷಕ ಆಯಿತೆಂದು ಕಾರ್ಬೆಟ್ ಬರೆದ. ನಮ್ಮ ಜಿಲ್ಲೆಯ ತಾಗರ್ತಿಯ ಹುಲಿಗಳ ಬಗ್ಗೆ ಬರೆದ ಕೆನೆತ್ ಆಂಡರ್ಸನ್ ಕೂಡ ಗಾಯಗೊಂಡ ಪ್ರಾಣಿ ನರಭಕ್ಷಕ ಆಗುವುದನ್ನು ಹೇಳುತ್ತಾನೆ. ತೇಜಸ್ವಿಯವರ ಕನ್ನಡದಲ್ಲಿ ಅವನನ್ನು ಓದಿದವರು ನಮ್ಮಲ್ಲಿ ಬಹಳ ಜನ. ಒಬ್ಬ ಹೊಡೆದು ಮನೆಗೆ ಹೋಗುತ್ತಾನೆ, ಅದರ ಬೆಲೆ ತೆರುವುದು ಸೌದೆಗೆ ಹೋದ ಇನ್ಯಾರದೋ ಮನೆಯ ಹೆಂಗಸು.

1972ರ ವನ್ಯಜೀವಿ ಕಾಯ್ದೆ ಬಂದು ಶಿಕಾರಿ ನಿಂತಿತು, ನಿಲ್ಲಬೇಕಿತ್ತು. 1974ರಲ್ಲಿ ನಮ್ಮ ಪಕ್ಕದ ಕಾಡು ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಬೆಳೆ ಕಾಯುವ ಲೈಸೆನ್ಸಿನ ಕೋವಿಗಳು ಉಳಿದಿವೆ, ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುತ್ತವೆ. 'ಆಯಸ್ಸು ಗಟ್ಟಿ ಇತ್ತು' ಅನ್ನುವ ಮಾತೂ ಉಳಿದಿದೆ. ಅದನ್ನು ಕೇಳಿದಾಗಲೆಲ್ಲ ನನಗೆ, ಆ ಪ್ರಾಣಿ ಆಮೇಲೆ ಎಷ್ಟು ದಿನ ನರಳಿತೋ ಅನ್ನಿಸುತ್ತದೆ.

ನಿಮ್ಮೂರ ಕಡೆ ಕೋವಿಗೆ ಕಟ್ಟು ಹಾಕುವ ಕಥೆಗಳಿದ್ದರೆ ಹೇಳಿ. ನಳಿಗೆಯೊಳಗೆ ಜಡಿಯುವ ಆ ಸಲಾಕೆಗೆ ನಿಮ್ಮಲ್ಲಿ ಏನಂತಾರೆ ಅನ್ನುವುದನ್ನೂ ತಿಳಿಸಿ.