ಬರಗಾಲದ ಕಾಲುವೆ, ಭಾನುವಾರದ ಬೋಟಿಂಗ್

ಬೆಂಗಳೂರಿನಿಂದ ವೀಕೆಂಡ್‌ಗೆ ಚೆನ್ನೈ ಕಡೆ ಕಾರು ತಿರುಗಿಸುವವರು ನಮ್ಮಲ್ಲಿ ಬಹಳ ಜನ. ಈಸ್ಟ್ ಕೋಸ್ಟ್ ರೋಡ್ ಹಿಡಿದು ಮಹಾಬಲಿಪುರಕ್ಕೆ ಹೋಗೋದು, ದಾರಿಯಲ್ಲಿ ಮುಟ್ಟುಕಾಡಿನಲ್ಲಿ ಬೋಟಿಂಗ್ ಮಾಡೋದು, ಪಕ್ಕದ ದಕ್ಷಿಣಚಿತ್ರದಲ್ಲಿ ನಮ್ಮ ಇಳಕಲ್ ನೇಕಾರರ ಮನೆ ನೋಡಿ ಫೋಟೊ ತೆಗೆಸಿಕೊಳ್ಳೋದು. ಒಳ್ಳೆಯದೇ. ಆದರೆ ಒಂದು ಪ್ರಶ್ನೆ. ಮುಟ್ಟುಕಾಡಿನಲ್ಲಿ ನೀವು ಬೋಟು ಓಡಿಸುತ್ತೀರಲ್ಲ, ಆ ಹಿನ್ನೀರಿನೊಳಗೆ ಹಾದುಹೋಗುವ ಕಾಲುವೆಯನ್ನು ಯಾರು ಅಗೆದರು, ಯಾಕೆ ಅಗೆದರು ಅಂತ ಎಂದಾದರೂ ಕೇಳಿದ್ದೀರಾ?

ಅದರ ಹೆಸರು ಬಕಿಂಗ್‌ಹ್ಯಾಮ್ ಕಾಲುವೆ. ಉದ್ದ ಸುಮಾರು 420 ಕಿಲೋಮೀಟರ್. ಆಂಧ್ರದ ಪೆದ್ದಗಂಜಾಂನಿಂದ ತಮಿಳುನಾಡಿನ ಮರಕ್ಕಾಣಂವರೆಗೆ, ಸಮುದ್ರಕ್ಕೆ ಸಮಾನಾಂತರವಾಗಿ. ಆಂಧ್ರದಲ್ಲಿ 257 ಕಿಲೋಮೀಟರ್, ತಮಿಳುನಾಡಿನಲ್ಲಿ 163. ಪಕ್ಕದಲ್ಲೇ ಅಷ್ಟು ದೊಡ್ಡ ಸಮುದ್ರ ಇರುವಾಗ ಕಾಲುವೆ ಯಾಕಪ್ಪಾ ಅಂತ ನಿಮಗೆ ಅನ್ನಿಸಬಹುದು. ಎಂಜಿನಿಯರಿಂಗ್ ಓದಿದವನಾದ್ದರಿಂದ ನನಗೂ ಮೊದಲು ಹುಟ್ಟಿದ್ದು ಅದೇ ಪ್ರಶ್ನೆ.

ಉತ್ತರ ಸರಳ. ಕೋರಮಂಡಲ ತೀರದಲ್ಲಿ ಸಮುದ್ರ ಇದೆ, ಆದರೆ ಸಹಜ ಬಂದರು ಇಲ್ಲ. ಮದ್ರಾಸಿಗೆ ಬಂದ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕಿತ್ತು. ಅಬ್ಬರಿಸುವ ಅಲೆಗಳ ನಡುವೆ ಮಸೂಲಾ ದೋಣಿಗಳು ಹೋಗಿ ಸರಕನ್ನೂ ಜನರನ್ನೂ ದಡಕ್ಕೆ ತರಬೇಕಿತ್ತು. ಸೈಕ್ಲೋನ್ ಎದ್ದರಂತೂ ಕತೆ ಮುಗೀತು. ಅದೇ ತೀರಕ್ಕೆ ಪ್ರಕೃತಿ ಇನ್ನೊಂದು ಅನುಕೂಲ ಕೊಟ್ಟಿತ್ತು. ದಡದ ಒಳಗೆ, ಹೆಚ್ಚೆಂದರೆ ಒಂದೆರಡು ಕಿಲೋಮೀಟರ್ ಅಂತರದಲ್ಲಿ, ಸಾಲುಸಾಲಾಗಿ ಹಿನ್ನೀರುಗಳು, ಅಳಿವೆಗಳು, ಪುಲಿಕಾಟ್‌ನಂಥ ಸರೋವರ. ನಡುವಿನ ಒಣಭೂಮಿ ಕಡಿದು ಇವನ್ನು ಒಂದಕ್ಕೊಂದು ಜೋಡಿಸಿದರೆ ಸಾಕು, ಬಿರುಗಾಳಿಯ ಭಯವಿಲ್ಲದ ಜಲಮಾರ್ಗ ಸಿದ್ಧ. ಉಬ್ಬರವಿಳಿತದ ನೀರು ಹಿಡಿದಿಡಲು ಲಾಕ್ ಗೇಟು. ಐಡಿಯಾ ಅಷ್ಟೇ.

ಮೊದಲು ಕೈ ಹಾಕಿದ್ದು ಬೇಸಿಲ್ ಕೊಕ್ರೇನ್ ಎಂಬ ವ್ಯಾಪಾರಿ. ಈಸ್ಟ್ ಇಂಡಿಯಾ ಕಂಪನಿಯ ಕಾಲ. 1806ರ ಹೊತ್ತಿಗೆ ಮದ್ರಾಸಿನಿಂದ ಎನ್ನೂರಿನವರೆಗೆ 11 ಮೈಲಿ ಕಾಲುವೆ ತಯಾರಾಯಿತು. ಈ ಮನುಷ್ಯ ನೌಕಾಪಡೆಗೆ ಆಹಾರ ಪೂರೈಸುವ ಗುತ್ತಿಗೆಯಲ್ಲಿ ದುಡ್ಡು ಮಾಡಿಕೊಂಡು ಲಂಡನ್ನಿಗೆ ಹೋಗಿ, ತನ್ನ ಬಂಗಲೆಯಲ್ಲೇ ಹಬೆಸ್ನಾನದ ಮನೆ ಕಟ್ಟಿಸಿದ. ಅಲ್ಲಿ ಕೆಲಸಕ್ಕಿದ್ದವನು ಯಾರು ಗೊತ್ತಾ? ಬಿಹಾರದ ಪಾಟ್ನಾ ಮೂಲದ ಶೇಕ್ ದೀನ್ ಮಹಮ್ಮದ್. ಮುಂದೆ ಬ್ರಿಟಿಷರಿಗೆ ಚಂಪಿ ಮಾಡುವುದನ್ನು ಕಲಿಸಿ 'ಶಾಂಪೂ' ಪದವನ್ನು ಅಲ್ಲಿ ಜನಪ್ರಿಯ ಮಾಡಿದವನು ಇವನೇ! ಕಾಲುವೆಯ ಲಾಭದ ಕತೆಯಲ್ಲಿ ಆರಾಮದ ಅಧ್ಯಾಯ ಶುರುವಿನಲ್ಲೇ ಇತ್ತು ಅನ್ನೋದಕ್ಕೆ ಇದನ್ನು ಹೇಳಿದೆ.

1837ರಲ್ಲಿ ಸರ್ಕಾರವೇ ಕಾಲುವೆಯನ್ನು ವಹಿಸಿಕೊಂಡಿತು. ಉತ್ತರಕ್ಕೂ ದಕ್ಷಿಣಕ್ಕೂ ಹಂತಹಂತವಾಗಿ ಬೆಳೆಸಿತು. ಆದರೆ ಮದ್ರಾಸ್ ನಗರದೊಳಗೆ, ಕೂವಂ ನದಿಗೂ ಅಡ್ಯಾರ್ ನದಿಗೂ ನಡುವೆ, ಸುಮಾರು 8 ಕಿಲೋಮೀಟರ್ ಕೊಂಡಿ ಬಾಕಿ ಉಳಿದಿತ್ತು. ಅದನ್ನು ಜೋಡಿಸಿದ್ದು ವ್ಯಾಪಾರವಲ್ಲ, ಹಸಿವು.

1876-78ರ ಬರ. ನಮ್ಮ ಅಜ್ಜಿ ಮುತ್ತಜ್ಜಿಯರ ಬಾಯಲ್ಲಿ ಧಾತು ಈಶ್ವರ ಬರ ಅಂತ ಉಳಿದಿತ್ತಲ್ಲ, ಅದೇ. ಮೈಸೂರು ಸಂಸ್ಥಾನದ ಜನಗಣತಿ ತೆಗೆದು ನೋಡಿ. 1871ರಲ್ಲಿ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆ. ಹತ್ತು ವರ್ಷದಲ್ಲಿ ಏರಬೇಕಾದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಇಳಿದಿದೆ! ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿಯ ಪರಿಸ್ಥಿತಿ ಇನ್ನೂ ಭೀಕರ. ಅದೇ ಹೊತ್ತಿಗೆ, 1877ರ ಜನವರಿ 1ರಂದು, ವೈಸರಾಯ್ ಲಾರ್ಡ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರ್ ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಅಂತ ಸಾರುತ್ತಿದ್ದ.

ಸರ್ಕಾರ ಕೊಟ್ಟ ಪರಿಹಾರ ಏನು? ಕೆಲಸ ಮಾಡಿದರೆ ಕೂಳು. ಅದಕ್ಕೂ ಕತ್ತರಿ ಹಾಕಲು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದ. ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದು ಆಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಇಡೀ ದಿನ ಮಣ್ಣು ಹೊರುವ ದೇಹಕ್ಕೆ ಅದು ಸಾಲುತ್ತದೆಯೇ? ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಶ್, ಇದರಲ್ಲಿ ಮನುಷ್ಯ ಬದುಕಲಾರ ಅಂತ ಸರ್ಕಾರಕ್ಕೇ ಎದುರು ಬಿದ್ದ. ಕೊನೆಗೆ ಕೂಲಿ ಹೆಚ್ಚಿಸಬೇಕಾಯಿತು. ಸರ್ಕಾರದೊಳಗೇ ಇದ್ದು ಸತ್ಯ ಹೇಳಿದ ಒಬ್ಬ ವೈದ್ಯ ಎಷ್ಟು ಜೀವ ಉಳಿಸಬಹುದು ಅನ್ನೋದಕ್ಕೆ ಕಾರ್ನಿಶ್ ಉದಾಹರಣೆ.

ಕೂವಂ-ಅಡ್ಯಾರ್ ಕೊಂಡಿ ತೋಡಿದ್ದು ಆ ಬರದ ಜನ. 1877-78ರಲ್ಲಿ. ಊರು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಮದ್ರಾಸಿಗೆ ನಡೆದು ಬಂದವರು. ಹಾಗಾದರೆ ಕಾಲುವೆಗೆ ಅವರ ನೆನಪಿನ ಹೆಸರಿಟ್ಟರಾ? ಇಲ್ಲ. ಆಗ ಗವರ್ನರ್ ಆಗಿದ್ದ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಅಂಡ್ ಚಾಂಡೋಸ್ ಹೆಸರಿಟ್ಟರು. ತಮಾಷೆ ನೋಡಿ, ಈ ಡ್ಯೂಕ್ ಇಂಗ್ಲೆಂಡಿನಲ್ಲಿ ದೊಡ್ಡ ರೈಲ್ವೆ ಕಂಪನಿಯೊಂದರ ಅಧ್ಯಕ್ಷನಾಗಿದ್ದವನು. ಭಾರತಕ್ಕೆ ರೈಲಿಗಿಂತ ಜಲಮಾರ್ಗವೇ ಅಗ್ಗ, ಜಲಮಾರ್ಗವೇ ಮೇಲು ಅಂತ ಸರ್ ಆರ್ಥರ್ ಕಾಟನ್ ಗಂಟಲು ಹರಿದುಕೊಳ್ಳುತ್ತಿದ್ದ ಕಾಲ ಅದು. ರೈಲ್ವೆಯವನ ಹೆಸರು ಕಾಲುವೆಗೆ ಬಂತು. ದುಡ್ಡು ಮಾತ್ರ ರೈಲಿನ ಕಡೆಗೇ ಹರಿಯಿತು.

ಆದರೂ ಕಾಲುವೆ ದಶಕಗಳ ಕಾಲ ಮದ್ರಾಸನ್ನು ಸಾಕಿತು. ಅಕ್ಕಿ, ಉಪ್ಪು, ಮೀನು, ಚಿಪ್ಪಿನ ಸುಣ್ಣ, ಒಲೆ ಉರಿಸಲು ಸರ್ವೆ ಮರದ ಸೌದೆ, ಎಲ್ಲವೂ ದೋಣಿಯಲ್ಲೇ ಬರುತ್ತಿತ್ತು. ಗಾಳಿ ಇದ್ದರೆ ಹಾಯಿ, ಇಲ್ಲದಿದ್ದರೆ ಉದ್ದನೆಯ ಗಳ, ಅದೂ ಆಗದಿದ್ದರೆ ದಡದಲ್ಲಿ ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆಯುವ ಆಳುಗಳು.

ಇದೇ ಕಾಲುವೆಯಲ್ಲಿ ವಿಹಾರವೂ ಇತ್ತು. ಒಳ್ಳೆಯ ರಸ್ತೆ ಇಲ್ಲದ ದಿನಗಳಲ್ಲಿ ಮಹಾಬಲಿಪುರ ನೋಡಬೇಕೆಂದರೆ ದೋಣಿಯೇ ಗತಿ. ಸಂಜೆ ಮದ್ರಾಸಿನಲ್ಲಿ ದೋಣಿ ಹತ್ತಿ, ಹಾಸಿಗೆ ಬಿಡಿಸಿ, ಬೆಳದಿಂಗಳಲ್ಲಿ ಹರಟೆ ಹೊಡೆದು ಮಲಗಿದರೆ, ಬೆಳಗ್ಗೆ ಶಿಲ್ಪಗಳ ಊರು ಹತ್ತಿರ. ಒಬ್ಬರಿಗೆ ರಾತ್ರಿಯ ಸುಖನಿದ್ರೆ, ಇನ್ನೊಬ್ಬರಿಗೆ ರಾತ್ರಿಯಿಡೀ ಹಗ್ಗ. ಹಾಗಂತ ಅಂಥ ವಿಹಾರವನ್ನೇ ತಪ್ಪು ಅನ್ನಲ್ಲ ನಾನು. ದಡದಲ್ಲಿ ಜನ ಇದ್ದಷ್ಟು ದಿನ, ದೋಣಿ ಓಡಿದಷ್ಟು ದಿನ ಕಾಲುವೆಯ ಹೂಳು ತೆಗೆಯುತ್ತಿದ್ದರು, ಗೇಟು ರಿಪೇರಿ ಮಾಡುತ್ತಿದ್ದರು.

ಆಮೇಲೆ ಲಾರಿ ಬಂತು, ರಸ್ತೆ ಬಂತು. 1965 ಮತ್ತು 1966ರ ಸೈಕ್ಲೋನ್‌ಗಳು ಕಾಲುವೆಗೆ ಭಾರಿ ಪೆಟ್ಟು ಕೊಟ್ಟವು. ದೋಣಿ ನಿಂತಿತು. ದೋಣಿ ನಿಂತ ಕೂಡಲೇ ನಗರ ಬೆನ್ನು ತಿರುಗಿಸಿತು. ಚೆನ್ನೈಯೊಳಗಿನ ಸುಮಾರು 31 ಕಿಲೋಮೀಟರ್ ಕಾಲುವೆ ಇವತ್ತು ಬಹುಪಾಲು ಚರಂಡಿ. ಎಂಆರ್‌ಟಿಎಸ್ ರೈಲು ಬಂದಾಗ ಅದರ ಕಂಬಗಳನ್ನು ನೆಟ್ಟಿದ್ದೆಲ್ಲಿ? ಕಾಲುವೆಯೊಳಗೇ! 1995ರಲ್ಲಿ ಮೊದಲ ಭಾಗ ಶುರುವಾಯಿತು, 2007ರಲ್ಲಿ ವೇಳಚೇರಿ ಮುಟ್ಟಿತು. ಭೂಸ್ವಾಧೀನದ ಖರ್ಚು ಉಳಿಯಿತು ನಿಜ. ನೀರಿನ ಜಾಗ ಹೋಯಿತಲ್ಲ, ಅದನ್ನು ಯಾರ ಖಾತೆಗೆ ಬರೆಯೋಣ?

ಬಿಲ್ ಬಂದೇ ಬಂತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ, ಕಾಲುವೆ ಇನ್ನೂ ಅಗಲವಾಗಿ ಉಳಿದಿದ್ದ ಹಲವು ಕಡೆ, ನುಗ್ಗಿದ ನೀರನ್ನು ಅದು ತನ್ನೊಳಗೆ ಎಳೆದುಕೊಂಡು ಹಿಂದಿನ ಊರುಗಳಿಗೆ ಗುರಾಣಿಯಾಯಿತು. 2015ರ ಡಿಸೆಂಬರ್ ಪ್ರವಾಹದಲ್ಲಿ, ನೀರಿಗೆ ಹರಿಯಲು ದಾರಿಯಿಲ್ಲದ ಚೆನ್ನೈ ಹೇಗೆ ಮುಳುಗಿತು ಅಂತ ನಾವೆಲ್ಲ ಟಿವಿಯಲ್ಲಿ ನೋಡಿದೆವು. 2008ರಲ್ಲಿ ಇದೇ ಕಾಲುವೆಯನ್ನು ರಾಷ್ಟ್ರೀಯ ಜಲಮಾರ್ಗ 4ರ ಭಾಗ ಅಂತ ಘೋಷಿಸಿದ್ದರು. ಕಾಗದದಲ್ಲಿ ಹೆದ್ದಾರಿ, ಕಣ್ಣೆದುರಿಗೆ ಮೋರಿ.

ಬೆಂಗಳೂರಿನವರು ಇದನ್ನು ಕೇಳಿ ಚೆನ್ನೈಯನ್ನು ನೋಡಿ ನಗಬೇಡಿ. ನಮ್ಮ ರಾಜಕಾಲುವೆಗಳ ಮೇಲೆ ಎದ್ದಿರುವ ಕಟ್ಟಡಗಳು ಯಾವ ಊರಿನವು ಸ್ವಾಮಿ? ಮಳೆ ಬಂದಾಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ಬಂತು ಅಂತ ನ್ಯೂಸ್ ಚಾನೆಲ್‌ಗೆ ಫೋನ್ ಮಾಡುವವರಲ್ಲಿ, ನಮ್ಮ ಬೇಸ್‌ಮೆಂಟೇ ನೀರಿನ ದಾರಿಗೆ ಬಂದಿದೆ ಅನ್ನುವವರು ಎಷ್ಟು ಜನ?

ಮುಟ್ಟುಕಾಡಿನಲ್ಲಿ 1984ರಿಂದ ತಮಿಳುನಾಡು ಪ್ರವಾಸೋದ್ಯಮ ನಿಗಮದ ಬೋಟ್ ಹೌಸ್ ಇದೆ. ಈ ಕಾಲುವೆಯ ದಾರಿಯಲ್ಲಿ ಜನ ಮನೆಮಂದಿಯೊಂದಿಗೆ ಬಂದು ಸಂತೋಷವಾಗಿ ಕೂರುವ ಜಾಗಗಳಲ್ಲಿ ಅದೊಂದು. ಜನ ದುಡ್ಡು ಕೊಟ್ಟು ಕೂರುವ ದಡಕ್ಕೆ ಕಸ ಸುರಿಯುವುದು ಕಷ್ಟ. ಯಾರೂ ಕಣ್ಣೆತ್ತಿ ನೋಡದ ದಡಕ್ಕೆ ಸುರಿಯುವುದು ಬಹಳ ಸುಲಭ. ಹಾಗಾಗಿ ಹೋಗಿ, ಖಂಡಿತ ಹೋಗಿ, ಮಕ್ಕಳನ್ನು ಬೋಟಿನಲ್ಲಿ ಕೂರಿಸಿ. ಕೂರಿಸಿದ ಮೇಲೆ ಒಂದು ಮಾತು ಹೇಳಿ: ಮಗಾ, ಈ ನೀರಿನ ದಾರಿಯ ಒಂದು ಭಾಗವನ್ನು ನಮ್ಮಂಥವರೇ, ಒಂದು ಹಿಡಿ ಕಾಳಿಗಾಗಿ, ಹಸಿದ ಹೊಟ್ಟೆಯಲ್ಲಿ ಅಗೆದಿದ್ದಾರೆ.